ಯಾರೂ ತೆರೆಯದ ಪೆಟ್ಟಿಗೆ

"ಓದಿ ಹೇಳಿ ಟೀಚರ್," ಎಂದು ಮುಖ್ಯೋಪಾಧ್ಯಾಯ ಶಣ್ಮುಗಂ ಹಾಳೆಯನ್ನು ಮೇಜಿನ ಆಚೆಗೆ ನೂಕಿದರು. "ಅಕ್ಷರ ನಮ್ಮದು, ಭಾಷೆ ನಮ್ಮದಲ್ಲ."

ತೆನ್ಮೊಳಿ ಕನ್ನಡಕ ಸರಿಪಡಿಸಿಕೊಂಡಳು. ತಮಿಳು ಅಕ್ಷರದಲ್ಲಿ ಬರೆದ ಕನ್ನಡ. ಸಿರುಮುಗೈ ಊರಿನ ನೇಕಾರರ ಮನೆಗಳಲ್ಲಿ ತಲೆಮಾರುಗಳಿಂದ ಆಡುವ ಕನ್ನಡ. ಅದರ ಲಿಪಿ ಮಾತ್ರ ಅಲ್ಲಿ ಹೆಚ್ಚಿನವರಿಗೆ ಬಾರದು. ಶಾಲೆಯ ಅಧ್ಯಾಪಕರಲ್ಲಿ ಅಂಥ ಮನೆಯವಳು ಗಣಿತ ಕಲಿಸುವ ತೆನ್ಮೊಳಿ ಒಬ್ಬಳೇ.

ಪತ್ರ ಸಿಕ್ಕಿದ್ದು ಮೆಟ್ಟಿಲ ಬಳಿ ತೂಗುಹಾಕಿದ್ದ ಪೆಟ್ಟಿಗೆಯಲ್ಲಿ. ಮನಸ್ಸಿಗೆ ಕಷ್ಟವಾದವರು ಹೆಸರು ಹಾಕದೆ ಬರೆಯಬಹುದು, ಪೆಟ್ಟಿಗೆ ನೇರವಾಗಿ ನಗರದ ಆರ್.ಎಸ್. ಪುರಂನಲ್ಲಿರುವ ಆಪ್ತಸಲಹೆಗಾರರಿಗೆ ಹೋಗುತ್ತದೆ, ನಡುವೆ ಯಾರೂ ತೆರೆಯುವುದಿಲ್ಲ ಎಂದು ಪ್ರಾರ್ಥನೆಯ ಹೊತ್ತಿಗೆ ಮೈಕು ಹಿಡಿದು ಸಾರಿದ್ದು ಶಣ್ಮುಗಂ ಅವರೇ. ಬೀಗ ತೆಗೆದದ್ದೂ ಅವರೇ. ಮೂರು ವಾರದಲ್ಲಿ ಒಳಗೆ ಬಿದ್ದದ್ದು ಚಾಕೊಲೇಟು ಸುತ್ತಿದ್ದ ಎರಡು ಕಾಗದ, ಈ ಒಂದು ಪತ್ರ.

ತೆನ್ಮೊಳಿ ಎಲ್ಲಿಯೂ ತಡವರಿಸದೆ ಓದಿದಳು. "ಬೆಲ್ ಹೊಡುದ್ರೆ ಎದ್ದೇಳ್ತೀನಿ. ಬೆಲ್ ಹೊಡುದ್ರೆ ಕೂರ್ತೀನಿ. ಎಲ್ಲಾರೂ ನಕ್ಕರೆ ನಾನೂ ನಗ್ತೀನಿ. ಒಳಗ ಒಂದೂ ಇಲ್ಲೆ. ಅಳೋಣಾಂದ್ರೂ ಬರಲ್ಲೆ."

ಆಮೇಲೆ ತಮಿಳಿನಲ್ಲಿ ಅರ್ಥ ಹೇಳಿದಳು. ದನಿಯಲ್ಲಿ ಏರಿಳಿತವಿರಲಿಲ್ಲ. ಹಾಜರಿ ಕೂಗುವಾಗಲೂ ಅವಳ ದನಿ ಹಾಗೆಯೇ.

"ಮನೆಭಾಷೆಯಲ್ಲಿ ಬರೆದರೆ ನಮಗೆ ತಿಳಿಯದು ಎಂಬ ಎಣಿಕೆ," ಎಂದರು ಶಣ್ಮುಗಂ. "ಬುದ್ಧಿ ಎಷ್ಟು ಚುರುಕು ನೋಡಿ."

"ಹರಿದು ಹಾಕೋಣ ಸಾರ್. ಹೆಸರು ಬೇಡ ಅಂತ ನಾವೇ ಹೇಳಿದ್ದು."

"ಹರಿದರೆ ಹುಚ್ಚು ಹೋಗುತ್ತದೆಯೇ? ನಾಳೆ ಹೆಚ್ಚುಕಡಿಮೆಯಾದರೆ ಪೇಪರಿನಲ್ಲಿ ಬರುವುದು ನಮ್ಮ ಶಾಲೆಯ ಹೆಸರು. ಯಾರೆಂದು ತಿಳಿದರೆ ಟಿ.ಸಿ. ಕೊಟ್ಟು ಕಳಿಸುವುದೇ."

ಶಣ್ಮುಗಂ ಕೆಟ್ಟವರಲ್ಲ. ಮಗುವಿಗೆ ಜ್ವರ ಬಂದರೆ ತಮ್ಮ ಸ್ಕೂಟರಿನಲ್ಲೇ ಆಸ್ಪತ್ರೆಗೆ ಕರೆದೊಯ್ಯುವವರು. ಮನಸ್ಸಿನ ಮಾತು ಬಂದರೆ ಮಾತ್ರ ಅವರಿಗೆ ಕೈಕಾಲು ಆಡುವುದಿಲ್ಲ.

ಅವರು ಆಗಲೇ ಲೆಕ್ಕಾಚಾರ ಹಾಕಿ ಕೂತಿದ್ದರು. ಮೈಸೂರಿನಿಂದ ಬಂದು ಸೇರಿದ ಸೃಷ್ಟಿ ಎಂಬ ವಿದ್ಯಾರ್ಥಿನಿಯಾದರೆ ಕನ್ನಡದ ಅಕ್ಷರದಲ್ಲೇ ಬರೆಯುತ್ತಿದ್ದಳು. ಕನ್ನಡ ಬಲ್ಲ ಉಳಿದವರು ನೇಕಾರರ ಮನೆಯ ಐದು ಮಕ್ಕಳು. ಅವರಲ್ಲಿ ಹನ್ನೊಂದನೆಯ ತರಗತಿಯ ಸೌಡಾಂಬಿಕಾಳ ಅಂಕ ದೀಪಾವಳಿಯಿಂದೀಚೆಗೆ ಇಳಿದಿತ್ತು. ಊಟಕ್ಕೂ ಒಬ್ಬಳೇ ಕೂರುತ್ತಿದ್ದಳು.

"ಅವಳಲ್ಲ ಸಾರ್," ಎಂದಳು ತೆನ್ಮೊಳಿ.

"ಅಷ್ಟು ಖಚಿತವಾಗಿ ಹೇಗೆ ಹೇಳುತ್ತೀರಿ?"

ತೆನ್ಮೊಳಿ ಕಿಟಕಿಯತ್ತ ತಿರುಗಿದಳು. ಜೂನ್‌ನಲ್ಲಿ ಅವಳ ಕೆಲಸ ಕಾಯಂ ಆಗಬೇಕಿತ್ತು. ಅದಕ್ಕೆ ಈ ಮೇಜಿನಾಚೆಯ ಸಹಿ ಬೇಕಿತ್ತು. ಕಿಟಕಿಯಾಚೆ ಮಕ್ಕಳು ಕಬಡ್ಡಿ ಆಡುತ್ತಿದ್ದರು. ಅವಳು ಅದನ್ನು ನೋಡುತ್ತ ನಿಂತಳು, ಯಾರು ಗೆಲ್ಲುತ್ತಿದ್ದಾರೆ ಎಂಬುದು ತಲೆಗೆ ಹೋಗಲಿಲ್ಲ.

ಶಣ್ಮುಗಂ ಹೇಳಿಕಳಿಸಿದ ಮೇಲೆ ಸೌಡಾಂಬಿಕಾ ಬಂದು ಬಾಗಿಲ ಬಳಿ ಕೈಕಟ್ಟಿ ನಿಂತಳು. ಶಣ್ಮುಗಂ ಇನ್ನೊಮ್ಮೆ ಓದಲು ಸನ್ನೆ ಮಾಡಿದರು. ತೆನ್ಮೊಳಿ ಓದಿದಳು. ಹುಡುಗಿ ಮೊದಲು ನೆಲ ನೋಡುತ್ತಿದ್ದಳು. ಎರಡನೆಯ ಸಾಲಿಗೆ ತಲೆ ಎತ್ತಿದಳು. ಓದಿ ಮುಗಿಯುವವರೆಗೂ ಹಾಳೆಯಿಂದ ಕಣ್ಣು ತೆಗೆಯಲಿಲ್ಲ.

"ಇದು ನಿನ್ನದೇನಮ್ಮಾ?" ಶಣ್ಮುಗಂ ಮೆಲ್ಲಗೆ ಕೇಳಿದರು.

"ಆಮಾ ಸಾರ್," ಎಂದಳು ಹುಡುಗಿ. "ನಂದೇ."

ಅಲ್ಲಿಗೆ ಮುಗಿಯಿತು. ಶಣ್ಮುಗಂ ನಿಟ್ಟುಸಿರು ಬಿಟ್ಟು ಟಿ.ಸಿ. ಪುಸ್ತಕ ತೆರೆದರು. ಹೆಸರು ಬರೆದರು. ನಡತೆ ಎಂಬಲ್ಲಿ ‘ಉತ್ತಮ’ ಎಂದು ಬರೆದರು. ಶಾಲೆ ಬಿಡಲು ಕಾರಣ ಎಂಬಲ್ಲಿ ತುಸು ಯೋಚಿಸಿ, ‘ಪೋಷಕರ ಇಚ್ಛೆ’ ಎಂದು ಬರೆಯತೊಡಗಿದರು.

ತೆನ್ಮೊಳಿ ಹುಡುಗಿಯ ಹತ್ತಿರ ಹೋಗಿ ಮನೆಯ ಮಾತಿನಲ್ಲಿ ಕೇಳಿದಳು. "ಏನ್ಕೆ ಸುಳ್ಳ್ ಹೇಳ್ದೆ, ಕಣ್ಣು?"

"ಸುಳ್ಳಲ್ಲ ಮಿಸ್," ಎಂದಳು ಸೌಡಾಂಬಿಕಾ. "ಬರ್ದದ್ದು ನಾನಲ್ಲ. ಆದ್ರೆ ನೀವು ಓದ್ದಾಗ ಒಂದೊಂದ್ ಮಾತೂ ನಂದೇ ಇತ್ತು. ಇನ್ನೊಬ್ರಿಗೂ ಹಿಂಗಿರ್ತದಾಂತ ನನಗ ಇವತ್ತೇ ತಿಳಿದದ್ದು."

ಕನ್ನಡ ತಿಳಿಯದ ಶಣ್ಮುಗಂ ಬರೆಯುತ್ತಲೇ ಇದ್ದರು. ತೆನ್ಮೊಳಿಗೆ ಭಯವಾಯಿತು. ಎಷ್ಟೋ ತಿಂಗಳ ಮೇಲೆ ಅವಳ ಒಳಗೆ ಏನೋ ಒಂದು ಆಗಿತ್ತು. ಅವಳು ಮೇಜಿನ ಬಳಿಗೆ ನಡೆದು ಟಿ.ಸಿ. ಪುಸ್ತಕದ ಮೇಲೆ ಕೈ ಇಟ್ಟಳು.

"ನಿಲ್ಲಿಸಿ ಸಾರ್," ಎಂದಳು. "ಆ ಪತ್ರ ಬರೆದವಳು ನಾನು."