ಪಟ್ಟಿ ಇಲ್ಲದ ಜೋಡಿಕಂಬ

2091ರ ಮಾರ್ಚ್ 14, ಬೆಳಿಗ್ಗೆ 10 ಗಂಟೆ 20 ನಿಮಿಷ. ಎಂಜಿನಿಯರ್ ಪಟ್ಟಣಶೆಟ್ಟಿ ಕಂಪ್ಯೂಟರಿನಲ್ಲಿ ರಚಿಸಿದ ಶೆಡ್ ಹುಬ್ಬಳ್ಳಿಯ ಬಯಲಿನಲ್ಲಿ, ಆಳುಗಳಿಲ್ಲದೆ ಯಂತ್ರಗಳಿಂದಲೇ, ತಾನಾಗಿ ಎದ್ದು ನಿಂತಿತ್ತು. ಇನ್ನು ಭಾರದ ಪರೀಕ್ಷೆಗೆಂದು ಚಾವಣಿಯ ಮೇಲೆ ನೀರು ತುಂಬುವಾಗ, ನಿಯಮದಂತೆ ಅವರೇ ಒಳಗೆ ನಿಲ್ಲಬೇಕು. ಹೊರಗೆ ಓಡಿದರೆ ಪರವಾನಗಿ ರದ್ದು.

“ಒಂದೊಂದು ಕಂಬಕ್ಕ ಎರಡೆರಡು ಉಕ್ಕಿನ ಚಾನೆಲ್ ತೊಲಿ ನಿಲ್ಲಿಸೀರಿ. ಅವನ್ನ ಅಡ್ಡ ಕೂಡಿಸೋ ಉಕ್ಕಿನ ಪಟ್ಟಿ ಎಲ್ರಿ?” ಎಂದರು ತಪಾಸಣಾಧಿಕಾರಿ ಶಕುಂತಲಾ.

“ಪರದೆ ಮ್ಯಾಲೆ ಎರಡೂ ಸೇರಿ ಒಂದ ಕಂಬ ಕಾಣ್ತಿತ್ರಿ, ಮೇಡಂ. ಪಟ್ಟಿ ಸೈಟ್‌ನ್ಯಾಗ ವೆಲ್ಡರ್ ಹಾಕ್ತಾನಂತ ಬಿಟ್ಟೆ. ನಮ್ಮ ಆಫೀಸಿನ ಪದ್ಧತಿ.”

“ಯಾವ ವೆಲ್ಡರ್ರಿ? ಸೈಟ್‌ನ್ಯಾಗ ಮನುಷ್ಯಾರನ್ನ ಕಂಡು ಮೂವತ್ತು ವರ್ಷ ಆತು. ಪದ್ಧತಿ ಬಂದು ಚಾವಣಿ ಹೊರತದೇನು? ಒಳಗ ನಡೀರಿ.”

ನೀರು ಅರ್ಧ ತುಂಬುವಷ್ಟರಲ್ಲಿ ಕಂಬ ಕಿರುಗುಟ್ಟಿತು. ಪಟ್ಟಣಶೆಟ್ಟಿ ಚಪ್ಪಲಿ ಅಲ್ಲೇ ಬಿಟ್ಟು ಹೊರಗೆ ಓಡಿಬಂದರು. ಶಕುಂತಲಾ ನೀರು ನಿಲ್ಲಿಸಿ, ಕಂಬಕ್ಕೆ ಅಳತೆಯ ಟೇಪು ಹಿಡಿದರು. ಚಾನೆಲ್‌ಗಳು ಹೊರಕ್ಕೆ ಬಾಗಿ, ಇನ್ನೂರು ಮಿಲಿಮೀಟರ್ ಇರಬೇಕಿದ್ದ ನಡುವಿನ ಅಂತರ ಇನ್ನೂರ ಮೂವತ್ತೆಂಟು ಮಿಲಿಮೀಟರ್ ಆಗಿತ್ತು.