ಗೆರೆ ಬಿಟ್ಟ ಚುಕ್ಕೆ

ಈ ಸಲ ಕಂಪ್ಯೂಟರ್ ಪರದೆಯ ಗ್ರಾಫಿನಲ್ಲಿ ಗೆರೆ ಎಲ್ಲೂ ಉಬ್ಬದೆ ನುಣ್ಣಗೆ ಏರಿತ್ತು. "ನಾ ಹೇಳಿದ್ದಿಲ್ಲೇನು? ಹೆಚ್ಚು ಕಣ ತಗೊಂಡು ಲೆಕ್ಕ ಹಾಕಿದ್ರ ಆ ಉಬ್ಬು ತಾನೇ ಹೋಗ್ತದ," ಎನ್ನುತ್ತ ಪಿಎಚ್‌ಡಿ ಗೈಡ್ ಕಲ್ಯಾಣಪ್ಪ ಸರ್, ಅಂಬರೀನ್ ಕಮಲಾಪುರದ ಮನೆಯಿಂದ ತಂದಿದ್ದ ಕೆಂಪು ಬಾಳೆಹಣ್ಣು ಸುಲಿಯತೊಡಗಿದರು.

ಅಂಬರೀನ್‌ಗೆ ಕೂತಲ್ಲಿ ಕೂರಲಾಗಲಿಲ್ಲ. ನಕ್ಷತ್ರದ ಒಡಲಿನಂಥ ಕಾವು, ಒತ್ತಡದಲ್ಲಿ ಹೈಡ್ರೋಜನ್ ಹೇಗೆ ವರ್ತಿಸುತ್ತದೆಂದು ಕಂಪ್ಯೂಟರಿನಲ್ಲಿ ಕಂಡುಕೊಳ್ಳುವುದು ಅವಳ ಸಂಶೋಧನೆ. ಪರಮಾಣು ಸಮ್ಮಿಳನದಿಂದ ವಿದ್ಯುತ್ ತೆಗೆಯಹೊರಟವರಿಗೆ ಬೇಕಾದ ಲೆಕ್ಕ. ವರ್ಷವಿಡೀ ನಿದ್ದೆಗೆಡಿಸಿದ ಉಬ್ಬು ಇಷ್ಟು ಸದ್ದಿಲ್ಲದೆ ಹೋದೀತೇ? ಪರದೆಯ ಮೇಲೆ ಬೆರಳಿಟ್ಟು ಗೆರೆಯುದ್ದಕ್ಕೂ ಎಳೆದಳು. ಉಬ್ಬಿದ್ದ ಜಾಗದಲ್ಲಿ ಬೆರಳು ನಿಂತಿತು. ಅಲ್ಲಿ ಗೆರೆ ಇತ್ತು, ಲೆಕ್ಕದ ಉತ್ತರ ತೋರಿಸುವ ಚುಕ್ಕೆ ಇರಲಿಲ್ಲ.

"ಸರ್, ಗೆರಿ ಬಿಟ್ಟು ದೂರ ನಿಂತ ಚುಕ್ಕಿ ತೆಗೆದುಹಾಕು ಅಂತ ನೀವು ಹಿಂದ ಹೇಳಿದ್ರಲ್ರೀ, ಪ್ರೋಗ್ರಾಮಿನಾಗ ಹಂಗ ತೆಗೆಯೋ ಸಾಲು ಇನ್ನೂ ಉಳದದ ರೀ. ಉಬ್ಬು ಹೋಗಿಲ್ಲ, ನಾವೇ ಅಳಿಸೀವಿ."

"ಇರ್ಲಿ ಬಿಡಮ್ಮಾ. ಜರ್ನಲ್ಲಿಗೆ ಪೇಪರ್ ಇವತ್ತೇ ಕಳಿಸಬೇಕು."

ಅವಳು ಕೇಳಿಸಿಕೊಳ್ಳಲಿಲ್ಲ. ಆ ಸಾಲನ್ನು ಅಳಿಸಿ ಕೀಲಿ ಒತ್ತಿದಳು. ಚುಕ್ಕೆ ಮೂಡಿತು, ಅದೇ ಜಾಗದಲ್ಲಿ, ಗೆರೆಯಿಂದ ಮೊದಲಿಗಿಂತಲೂ ಎತ್ತರದಲ್ಲಿ.

ಸರ್ ಪರದೆಯತ್ತ ಬಾಗಿ ಚುಕ್ಕೆಗೂ ಗೆರೆಗೂ ನಡುವಿನ ಅಂತರವನ್ನು ಬೆರಳಿನಿಂದ ಅಳೆದರು. ಆಮೇಲೆ ಸುಲಿದ ಸಿಪ್ಪೆಯನ್ನು ಮತ್ತೆ ಹಣ್ಣಿಗೆ ಹೊದಿಸಿ ಮೇಜಿನ ಮೇಲಿಟ್ಟು, ಕುರ್ಚಿ ಹತ್ತಿರ ಎಳೆದುಕೊಂಡರು.

"ಹಂಗಾದ್ರ ಈ ಉಬ್ಬು ಖರೇನೇ ಅದ. ಪೇಪರಿನ ತಲೆಬರಹನೇ ಬದಲಾಗಬೇಕಲ್ಲ," ಎಂದರು.