ಪೂಜೆ ಮಾಡಿದ ಫೋನು

ಎರಡು ಬಟನ್ ಒಟ್ಟಿಗೆ ಅದುಮಿ ಫೋನ್ ಆನ್ ಮಾಡಿದಾಗ, ಗಾಂಧಿನಗರದ ಮೊಬೈಲ್ ರಿಪೇರಿಯವ ಮುಜಾಫರನ ಹೆಬ್ಬೆರಳಿಗೆ ಕುಂಕುಮ ಅಂಟಿತು. ಪರದೆಯ ಮೇಲೆ ‘ಸೆಕ್ಯುರಿಟಿ ಆಫ್’ ಎಂದು ಬಂತು.

“ಲಿಂಗಪ್ಪಣ್ಣ, ಇದನ್ನ ಯಾರೋ ರೂಟ್ ಮಾಡ್ಯಾರ, ಅಂದ್ರ ಕಂಪನಿ ಹಾಕಿದ್ದ ಬೀಗ ಮುರದಾರ. ಒಳಗೊಂದು ಆ್ಯಪ್ ಬಚ್ಚಿಟ್ಟಾರ. ನೀವು ಮಾತಾಡಿದ್ದೆಲ್ಲ ಬ್ಯಾರೇವ್ರು ಕೇಳಾಕತ್ತಾರ.”

“ತಲಿ ಕೆಟ್ಟೈತೇನಲೇ? ಆಯುಧಪೂಜಿ ದಿನ ಗಣಿ ಸಾವ್ಕಾರ್ರು ಕೈಯಾರೆ ಕೊಟ್ಟಾರ. ಲಾರಿ ಜತಿಗೆ ಇದಕ್ಕೂ ಕಾಯಿ ಒಡದು ಪೂಜಿ ಮಾಡೀನಿ” ಎಂದ ಗಣಿ ಲಾರಿಗಳ ಮೇಸ್ತ್ರಿ ಮೈಲಾರಲಿಂಗಪ್ಪ. ಅನ್ನುತ್ತಲೇ ಫೋನನ್ನು ಕಿತ್ತುಕೊಂಡು ಆಫ್ ಮಾಡಿದ.

ಅದಿರಿನ ಧೂಳಿನ ವಿಚಾರಕ್ಕೆ ಸಾವ್ಕಾರರ ಮೇಲೆ ಕೇಸು ಹಾಕಿದ್ದ ಭಾಮೈದನಿಗೆ ಅವನು ಮೊನ್ನೆ ಈ ಫೋನಿನಲ್ಲೇ ಹೇಳಿದ್ದ: “ನಿನ್ನ ಹೊಡ್ಯಾಕ ಕುರುಗೋಡು ರಸ್ತ್ಯಾಗ ಮಂದಿ ನಿಂತಾರ. ಕಾಲುವಿ ಏರಿ ಮ್ಯಾಲೆ ಬಾ.”

ಭಾಮೈದ ಏರಿಯ ಮೇಲೆಯೇ ಬಂದಿದ್ದ. ಹೊಡೆಯುವವರು ಅವನಿಗಿಂತ ಮೊದಲೇ ಬಂದು ಅಲ್ಲಿ ಕೂತಿದ್ದರು.